ಕೊನೆಯ ಮನೆಯ ಹೊಲಿಗೆಯವಳು

ಅಕ್ಕ ಮನೆಗೆ ಬಂದು ಜಗಳ ತೆಗೆದಳೆಂದರೆ ಅವಳ ಕಾದಂಬರಿ ಎಲ್ಲೋ ಕಾಲು ಮುರಿದುಕೊಂಡು ಕೂತಿದೆ ಎಂದೇ ಅರ್ಥ. ಇದು ಮನೆಯವರಿಗೆಲ್ಲ ಗೊತ್ತಿತ್ತು; ಗೊತ್ತಿದ್ದೂ ಪ್ರತಿ ಸಲ ಒಬ್ಬರಲ್ಲ ಒಬ್ಬರು ಅವಳ ಬಲೆಗೆ ಬೀಳುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಅವಳು ಒಂದು ಕೊಂಕು ನುಡಿಯುತ್ತಿದ್ದಳು, ಎದುರಿನವರು ಒಂದಕ್ಕೆರಡು ಹೇಳುತ್ತಿದ್ದರು. ಹಳೆಯ ಹುಣ್ಣುಗಳನ್ನೆಲ್ಲ ಕೆರೆದು ರಕ್ತ ಬರಿಸಿದ ಮೇಲೆ ಅವಳು ಇದ್ದಕ್ಕಿದ್ದಂತೆ ಶಾಂತಳಾಗಿ, ಒಂದು ಲೋಟ ನೀರು ಕೇಳಿ ಕುಡಿದು ಹೊರಟುಬಿಡುತ್ತಿದ್ದಳು. ಅಷ್ಟು ಹೊತ್ತೂ ಅವಳ ಬಲಗೈಯ ತೋರುಬೆರಳು ತೊಡೆಯ ಮೇಲೆ ಸಣ್ಣಗೆ ಆಡುತ್ತಿರುವುದನ್ನು ಮೊದಲು ಕಂಡುಹಿಡಿದವಳು ತಂಗಿ. ಅದು ಶೀಘ್ರಲಿಪಿ. ಎದುರಿನವರ ಬಾಯಿಂದ ಉದುರಿದ್ದನ್ನು ಅಕ್ಕ ಬಟ್ಟೆಯ ಮೇಲೆ ಬೆರಳಿನಿಂದ ಬರೆದುಕೊಳ್ಳುತ್ತಿದ್ದಳು. ವರ್ಷ ಒಪ್ಪತ್ತು ಕಳೆದ ಮೇಲೆ ಆ ಜಗಳ ಅಚ್ಚಾಗಿ, ರಟ್ಟು ಹೊದ್ದುಕೊಂಡು ಮನೆಗೆ ಮರಳಿ ಬರುತ್ತಿತ್ತು.

ವಿದ್ಯೆ ಬಂದದ್ದು ನ್ಯಾಯಾಲಯದಿಂದ. ಹದಿನಾರು ವರ್ಷ ಅಕ್ಕ ಮೂರನೇ ನಂಬರಿನ ಕೋರ್ಟಿನಲ್ಲಿ, ನ್ಯಾಯಾಧೀಶರ ಪೀಠದ ಕೆಳಗಿನ ಸಣ್ಣ ಮೇಜಿನ ಮುಂದೆ ಕೂತು ಸಾಕ್ಷಿಗಳ ಹೇಳಿಕೆ ಬರೆದುಕೊಂಡಳು. ಸಾಕ್ಷಿ ಕೆಮ್ಮಿದರೆ ಈಕೆ ಕೆಮ್ಮನ್ನೂ ಬರೆಯುತ್ತಾಳೆ ಎಂದು ವಕೀಲರು ನಗೆಯಾಡುತ್ತಿದ್ದರು. ಮೊದಲ ಕಾದಂಬರಿಯನ್ನು ಊಟದ ವಿರಾಮಗಳಲ್ಲಿ, ರದ್ದಾದ ನಮೂನೆಗಳ ಹಿಂಬದಿಯಲ್ಲಿ ಬರೆದಳು. ಅದು ಚಿಕ್ಕಮ್ಮನ ಮನೆಯ ಕತೆ. ಚಿಕ್ಕಮ್ಮ ಅಂದಿನಿಂದ ಈ ಬೀದಿಗೆ ಕಾಲಿಟ್ಟಿಲ್ಲ. ಎರಡನೆಯದರಲ್ಲಿ ಅಣ್ಣ ಸಿಕ್ಕಿಬಿದ್ದ. ಕಾರು ಓಡಿಸುವುದನ್ನು ಕಲಿಸುವ ಶಾಲೆ ಇಟ್ಟುಕೊಂಡಿದ್ದ ಅವನು ಬದುಕಿನಲ್ಲಿ ಯಾವ ನಿರ್ಧಾರದಿಂದಲೂ ಹಿಂದೆ ಸರಿಯಬಲ್ಲವನೆಂಬ ಕಾರಣಕ್ಕೆ ಪುಸ್ತಕದಲ್ಲಿ ಅವನ ಹೆಸರು ‘ರಿವರ್ಸ್ ಗೇರು’. ಈಗ ಕಲಿಯಲು ಬರುವವರೂ ಬೆನ್ನ ಹಿಂದೆ ಹಾಗೆಯೇ ಕರೆಯುತ್ತಾರೆ. ಮೂರನೆಯದು ಅವಳ ಸ್ವಂತ ಮದುವೆ ಮುರಿದ ಕತೆ. ವಿಚ್ಛೇದನದ ದಿನ ಅವಳ ಹೇಳಿಕೆ ಬರೆದುಕೊಂಡವಳು ಪಕ್ಕದ ಕೋರ್ಟಿನ ಗೆಳತಿ. ಎರಡು ಕಡೆ ಮಾತು ತಪ್ಪಿದೆ ಎಂದು ಕಟಕಟೆಯಲ್ಲಿ ನಿಂತೇ ಅಕ್ಕ ತಿದ್ದಿಸಿದಳಂತೆ. ಗಂಡ ಅದನ್ನು ಕೇಳಿ, ನಾನು ಬಿಟ್ಟುಹೋಗುತ್ತಿರುವುದು ಇದಕ್ಕೇ ಎಂದನಂತೆ.

ನಾಲ್ಕನೆಯದು ತಂಗಿಯ ಪಾಲಿಗೆ ಬಂತು. ಮಕ್ಕಳು ಬೇಡವೆಂದು ಅವಳು ಒಮ್ಮೆ, ಬೇಸರದ ಒಂದು ಮಧ್ಯಾಹ್ನ, ಅಕ್ಕನೊಡನೆ ಕಾದಾಡುತ್ತ ಅಂದಿದ್ದ ಮಾತು ತೊಂಬತ್ತನೆಯ ಪುಟದಲ್ಲಿ ಕೂತಿತ್ತು, ಅಕ್ಷರಕ್ಕಕ್ಷರ. ಅತ್ತೆ ಅದನ್ನು ಓದಿದರು. ಸತ್ತುಹೋಗುವವರೆಗೆ ಸೊಸೆಯನ್ನು ಪುಟದ ಸಂಖ್ಯೆಯಿಂದಲೇ ಚುಚ್ಚಿದರು. ಐದನೆಯದಕ್ಕೆ ಬಹುಮಾನ ಬಂತು, ಅಕ್ಕ ಕೆಲಸ ಬಿಟ್ಟಳು. ‘ರಾಜಿಯಿಲ್ಲದ ಸತ್ಯನಿಷ್ಠೆ’ ಎಂದು ವಿಮರ್ಶಕರು ಹೊಗಳಿದರು. ತಂಗಿ ಆ ಪತ್ರಿಕೆಯನ್ನು ಕೆಲಸದ ಮೇಜಿನ ಮೇಲೆ ಹಾಸಿ ಅದರ ಮೇಲೆ ಹಲ್ಲಿನ ಅಚ್ಚಿಗೆ ಪ್ಲಾಸ್ಟರು ಕಲಸಿದಳು.

ಆರನೆಯದು ತಾಯಿಯದು. ಆಕೆ ಮಾತ್ರ ಸಿಟ್ಟಾಗಲಿಲ್ಲ. ಭೂತಗನ್ನಡಿ ಹಿಡಿದು ದಿನಕ್ಕೆ ಎರಡು ಪುಟದಂತೆ, ಮಧ್ಯಾಹ್ನದ ಊಟವಾದ ಮೇಲೆ, ಕಿಟಕಿಯ ಬಳಿ ಕೂತು ಓದಿ ಮುಗಿಸಿ, “ನಾನು ಆಡಿದ್ದೇ ಇದೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ. ಹೆತ್ತದ್ದಕ್ಕೆ ಒಬ್ಬಳಾದರೂ ನಾನು ಹೇಳಿದ್ದನ್ನ ಕೇಳಿಸ್ಕೊಂಡಳಲ್ಲ,” ಎಂದಳು. ಈ ಕೊಂಕು ತನ್ನ ಕಡೆಗೇ ಎಂದು ತಂಗಿಗೆ ತಿಳಿಯಿತು. ತಾಯಿ ಇದ್ದದ್ದು ಅವಳ ಮನೆಯಲ್ಲಿ.

ಆರು ಪುಸ್ತಕಗಳಲ್ಲೂ ಇಲ್ಲದವನೆಂದರೆ ಅಪ್ಪ. ನೀರು ಸರಬರಾಜು ಕಚೇರಿಯಲ್ಲಿ ಮನೆಮನೆಯ ಮೀಟರು ಓದುವ ಕೆಲಸ ಮಾಡಿ, ನಿವೃತ್ತನಾಗಿ, ಒಂಬತ್ತು ವರ್ಷದ ಹಿಂದೆ ತೀರಿಕೊಂಡವನು. ಯಾರು ಕೆಣಕಿದರೂ “ಆಯ್ತು ಬಿಡಿ” ಎಂದು ಎದ್ದುಹೋಗುವ ಮನುಷ್ಯ. ಜಗಳವಾಡದವನನ್ನು ಹಿಡಿಯುವ ಲಿಪಿ ಅಕ್ಕನಿಗೆ ಗೊತ್ತಿರಲಿಲ್ಲ.

ಏಳನೆಯ ಕಾದಂಬರಿಗೆ ಅವಳು ಅವನನ್ನೇ ಆರಿಸಿಕೊಂಡಳು. ಅದು ಗೊತ್ತಾದದ್ದು, ಅವಳು ಒಂದು ಬೆಳಿಗ್ಗೆ ತಂಗಿಯ ಕೆಲಸದ ಕೋಣೆಗೇ ಬಂದಾಗ. ತಂಗಿ ಹಲ್ಲಿನ ಡಾಕ್ಟರರಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವವಳು. ಬೀದಿಯ ಕಡೆಗೆ ಒಂದೇ ಕಿಟಕಿ. ಗೋಡೆಗೆ ಹೊಡೆದ ಹಲಗೆಗಳ ಮೇಲೆ ನೂರಾರು ಪ್ಲಾಸ್ಟರಿನ ದವಡೆಗಳು, ಒಂದೊಂದರ ಕೆಳಗೂ ಸೀಸದ ಕಡ್ಡಿಯಲ್ಲಿ ಬರೆದ ಸಂಖ್ಯೆ. ಸ್ಪಿರಿಟ್ ದೀಪ, ಮೇಣ ಕೆತ್ತುವ ಚಾಕು, ಉಜ್ಜುವ ಯಂತ್ರದ ಬಾಯಲ್ಲಿ ಗುಲಾಬಿ ಬಣ್ಣದ ಪುಡಿ.

“ಇದು ಯಾರ ಬಾಯಿ?” ಎಂದಳು ಅಕ್ಕ, ಮೇಜಿನ ಮೇಲಿದ್ದ ಮೇಣದ ಸೆಟ್ಟಿನ ಕಡೆ ಬಾಗಿ.

“ಯಾರೋ ಮೇಷ್ಟ್ರದು. ಮುಟ್ಟಬೇಡ, ಮೇಣ ಇನ್ನೂ ಮೆತ್ತಗಿದೆ.”

“ಅಗಿಯೋಕೆ ಮಾಡ್ತೀಯೋ, ಮಾತಾಡೋಕೆ ಮಾಡ್ತೀಯೋ?”

“ನಿನಗಾದ್ರೆ ಕಚ್ಚೋಕೆ ಮಾಡ್ಕೊಡ್ತೀನಿ. ಬಂದ ವಿಷಯ ಹೇಳು.”

ಅಕ್ಕ ಇದ್ದ ಒಂದೇ ಸ್ಟೂಲನ್ನು ಎಳೆದುಕೊಂಡು ಕೂತಳು. “ಅಪ್ಪ ಕೆಲಸದ ಕೊನೇ ನಾಲ್ಕು ವರ್ಷ ಸಂಜೆ ಎಲ್ಲಿಗೆ ಹೋಗ್ತಿದ್ದ? ಮೀಟರಿನವರ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತೆ. ಇವನು ಮನೆ ಸೇರೋವಾಗ ಏಳೂವರೆ.”

“ಹೋಗ್ತಿದ್ದ ಬರ್ತಿದ್ದ ಅನ್ನಬೇಡ. ಅಪ್ಪ ಅವರು.”

“ಸತ್ತವರಿಗೆ ಎಂಥ ಮರ್ಯಾದೆ ಬೇಕಾಗಿದೆ. ನಿನಗೆ ಗೊತ್ತಿರುತ್ತೆ, ನೀನು ಅವನ ಬಾಲ.”

“ನನಗೇನೂ ಗೊತ್ತಿಲ್ಲ.”

“ಹಾಗಾದ್ರೆ ನಾನು ಅಂದ್ಕೊಂಡಿದ್ದೇ ಸರಿ. ಕೆಲಸಗಳ್ಳ. ಎಲ್ಲೋ ಕೂತು ಇಸ್ಪೀಟು ಆಡಿ, ಮನಸ್ಸಿಗೆ ಬಂದ ನಂಬರು ಬರ್ಕೊಂಡು ಮನೆಗೆ ಬರ್ತಿದ್ದ. ಮೂವತ್ತು ವರ್ಷ ಸಂಬಳ ತಿಂದು ಕೊನೆಗೆ ಅಷ್ಟು.”

ತಂಗಿಯ ಕೈಯಲ್ಲಿದ್ದ ಚಾಕು ಮೇಣದ ಒಸಡಿನೊಳಕ್ಕೆ ಇಳಿಯಿತು.

ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಈ ಲೋಕದಲ್ಲಿ ಅವಳೊಬ್ಬಳಿಗೇ. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಅಪ್ಪನ ಕಣ್ಣಿನ ನಡುಭಾಗ ಕೆಟ್ಟಿತು. ದಾರಿ ಕಾಣುತ್ತಿತ್ತು, ಬಾಗಿಲು ಕಾಣುತ್ತಿತ್ತು. ನೇರವಾಗಿ ನೋಡಿದ್ದು ಮಾತ್ರ ಮಸಿ ಚೆಲ್ಲಿದಂತೆ ಅಳಿಸಿಹೋಗುತ್ತಿತ್ತು. ಮೀಟರಿನ ಅಂಕಿ ಓದಲಾಗದ ಮೀಟರಿನವನನ್ನು ಯಾವ ಕಚೇರಿ ಇಟ್ಟುಕೊಂಡೀತು? ಕಾಲೇಜಿನಲ್ಲಿದ್ದ ಕಿರಿಮಗಳಿಗೆ ಮಾತ್ರ ಅವನು ಹೇಳಿದ. ಅಂದಿನಿಂದ ಅವಳು ತರಗತಿ ಮುಗಿದ ಕೂಡಲೇ ಸಂತೆಬೀದಿಯ ಮೂಲೆಗೆ ಹೋಗುವಳು, ಅವನು ಅಲ್ಲಿ ಕಾದಿರುವನು. ಇಬ್ಬರೂ ಮನೆಯಿಂದ ಮನೆಗೆ ಹೋಗುವರು. ಅಪ್ಪ ಮನೆಯವರೊಡನೆ ಬಾಗಿಲಲ್ಲಿ ಮಾತಿಗೆ ನಿಲ್ಲುವನು. ಮಗಳು ಮೀಟರಿನ ಗುಂಡಿಯೊಳಕ್ಕೆ ಬಾಗಿ, ಅದರ ಗಾಜಿನ ಮೇಲಿನ ಕೆಸರು ಒರೆಸಿ, ಅಂಕಿಗಳನ್ನು ಅವನದೇ ಕೈಬರಹದಲ್ಲಿ ಪುಸ್ತಕಕ್ಕೆ ಬರೆಯುವಳು. ಯಾರಾದರೂ ಕೇಳಿದರೆ, “ಮಗಳಿಗೆ ಲೆಕ್ಕ ವೀಕು, ಅಂಕಿ ಅಭ್ಯಾಸ ಮಾಡಿಸ್ತಿದ್ದೀನಿ,” ಎನ್ನುವನು. ಮನೆಗೆ ಮೊದಲು ಅವಳು; ಇಪ್ಪತ್ತು ನಿಮಿಷದ ನಂತರ ಅವನು. ಯಾರಿಗೂ ಹೇಳುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡಿದ್ದ. ನಿವೃತ್ತಿಯಾಗಿ ಆರು ತಿಂಗಳು ಕಳೆದ ಮೇಲೆ, ಕಣ್ಣು ಈಗಷ್ಟೇ ಕೈಕೊಟ್ಟಿದೆ ಎಂದು ಮನೆಯಲ್ಲಿ ತಿಳಿಸಿದ.

ಮನೆಯವರೆಲ್ಲರ ಸಿಟ್ಟು, ಮದುವೆ, ಮಾನ ಎಲ್ಲವೂ ಅಕ್ಕನ ಆಸ್ತಿಯಾಗಿಹೋಗಿದ್ದಾಗ, ತಂಗಿಯ ಹೆಸರಿನಲ್ಲಿ ಉಳಿದದ್ದು ಈ ನಾಲ್ಕು ವರ್ಷದ ಸಂಜೆಗಳು ಮಾತ್ರ. ಕೆಲಸಗಳ್ಳ ಎಂಬ ಮಾತು ಕೇಳಿದಾಗ ಅವು ಅವಳ ಹಲ್ಲಿನ ತುದಿಯವರೆಗೆ ಬಂದವು. ಎದುರಿಗೆ ಅಕ್ಕನ ಬೆರಳು ತೊಡೆಯ ಮೇಲೆ ಸಿದ್ಧವಾಗಿ ನಿಂತಿತ್ತು. ಆ ಬೆರಳನ್ನು ಕಂಡು ತಂಗಿಯ ನಾಲಗೆ ಬೇರೆ ದಾರಿ ಹಿಡಿಯಿತು.

“ಅವರಿಗೊಂದು ಮನೆ ಇತ್ತು,” ಎಂದಳು.

“ಎಂಥ ಮನೆ?”

“ಪೈಪು ಮುಗಿಯೋ ಕಡೆ, ಕೊನೇ ಮನೆ. ಅಲ್ಲೊಬ್ಬಳು ಹೊಲಿಗೆಯವಳಿದ್ದಳು. ಅಪ್ಪ ಅಲ್ಲಿ ಕೂತಿರ್ತಿದ್ರು. ಸಾಕಾ? ಹೊಟ್ಟೆ ತುಂಬಿತಾ?”

ಅಪ್ಪನಿಗೂ ಹೊಲಿಗೆಯವಳಿಗೂ ಎತ್ತಣಿಂದೆತ್ತಣ ಸಂಬಂಧವೂ ಇರಲಿಲ್ಲ; ಕೊನೆಯ ಮನೆಯಲ್ಲಿ ಇದ್ದದ್ದು ಬೀಗ ರಿಪೇರಿಯವನು ಮತ್ತು ಅವನ ನಾಯಿ. ಇಷ್ಟು ಹಸಿ ಸುಳ್ಳನ್ನು ಕೇಳಿ ಅಕ್ಕ ನಕ್ಕುಬಿಡುತ್ತಾಳೆ, ಇಲ್ಲವೇ ನಾಚಿ ಸುಮ್ಮನಾಗುತ್ತಾಳೆ ಎಂದು ತಂಗಿ ಎಣಿಸಿದ್ದಳು. ಅಕ್ಕ ಎರಡನ್ನೂ ಮಾಡಲಿಲ್ಲ. ತಂಗಿಯ ಮುಖವನ್ನು ಒಮ್ಮೆ ನೋಡಿದಳು; ಬೆರಳು ಆಡತೊಡಗಿತು. ಆಮೇಲೆ ಎದ್ದು, ಮೂಲೆಯ ನಲ್ಲಿಯಿಂದ ಲೋಟಕ್ಕೆ ನೀರು ಹಿಡಿದು ಕುಡಿದು, ಹೊರಟುಹೋದಳು.

ಹದಿನಾಲ್ಕು ತಿಂಗಳ ನಂತರ ಪುಸ್ತಕ ಬಂತು, ಎರಡು ಪ್ರತಿ. ಒಂದು ತಾಯಿಗೆ, ಒಂದು ತಂಗಿಗೆ. ತಂಗಿ ನಿಂತಲ್ಲೇ ಪುಟ ತಿರುವಿದಳು. ನೂರ ಮೂವತ್ತೊಂದನೆಯ ಪುಟದಲ್ಲಿ ಕೊನೆಯ ಮನೆ ಎದುರಾಯಿತು. ಹನ್ನೊಂದು ಪುಟ. ಹೊಲಿಗೆ ಯಂತ್ರದ ಕಾಲುಮಣೆಯ ಸದ್ದು, ನೆಲದ ಮೇಲಿನ ಬಟ್ಟೆಯ ಚೂರು, ಅಪ್ಪ ಸುಮ್ಮನೆ ಕೂರುವ ರೀತಿ. ಅಷ್ಟೇ ಆಗಿದ್ದರೆ ನುಂಗಬಹುದಿತ್ತು. ಅಪ್ಪನ ಬಿಳಿ ಅಂಗಿಯ ಮೂರನೆಯ ಗುಂಡಿಯನ್ನು ಆಕೆ ನೀಲಿ ದಾರದಲ್ಲಿ ಹೊಲಿದುಕೊಡುತ್ತಾಳೆ. ಆ ಗುಂಡಿ ನಿಜ. ಒಂದು ಸಂಜೆ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂರಿಸಿ ಅದನ್ನು ಹೊಲಿದವಳು ತಂಗಿಯೇ. ಆ ಮನೆಯಾಕೆ ಕೊಟ್ಟದ್ದು ನೀಲಿ ದಾರ. ಅಕ್ಕ ಅದನ್ನು ಯಾವಾಗಲೋ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

“ಈ ಸಲ ನಾನಿದ್ದೀನಾ?” ಎಂದ ಗಂಡ. ಅವನು ಬಸ್ಸು ನಿಲ್ದಾಣದಲ್ಲಿ ಬಸ್ಸು ಬಂದುಹೋಗುವ ವೇಳೆ ಬರೆಯುವವನು. ಅಕ್ಕನ ಪುಸ್ತಕ ಬಂದಾಗಲೆಲ್ಲ ಅವನದು ಇದೇ ಪ್ರಶ್ನೆ.

“ಇಲ್ಲ.”

“ನಿಮ್ಮಕ್ಕನಿಗೆ ನಾನು ಕಾಣೋದೇ ಇಲ್ಲ. ಇಪ್ಪತ್ತು ವರ್ಷದಿಂದ ಜಗಳವಾಡೋಕೆ ಕಾಯ್ತಿದ್ದೀನಿ.” ಹೆಂಡತಿಯ ಮುಖ ನೋಡಿ ಅವನು ತಮಾಷೆ ನಿಲ್ಲಿಸಿದ. “ಏನಾಯ್ತು?”

ಅವಳು ಪುಟ ತೋರಿಸಿದಳು. ತಾನು ಹೇಳಿದ ಸುಳ್ಳು ಇದು ಎಂದಳು. ನಿಜ ಯಾವುದೆಂದು ಅವನಿಗೂ ಹೇಳಲಿಲ್ಲ.

“ನಿಮ್ಮಮ್ಮ ಓದೋ ಮೊದಲೇ ಸುಳ್ಳು ಅಂತ ಹೇಳ್ಬಿಡು.”

“ಹೇಳಿದ್ರೆ, ಹಾಗಾದ್ರೆ ನಿಮ್ಮಪ್ಪ ಎಲ್ಲಿಗೆ ಹೋಗ್ತಿದ್ರು ಅಂತ ಕೇಳ್ತಾಳೆ.”

“ಎಲ್ಲಿಗೆ ಹೋಗ್ತಿದ್ರು?”

ತಂಗಿ ಪುಸ್ತಕ ಮುಚ್ಚಿಟ್ಟಳು. ತಾಯಿಯ ಓದು ದಿನಕ್ಕೆ ಎರಡು ಪುಟ. ನೂರ ಮೂವತ್ತೊಂದಕ್ಕೆ ಅರವತ್ತೈದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಏನಾದರೊಂದು ದಾರಿ ಹೊಳೆದೀತು ಎಂದುಕೊಂಡಳು. ಹೊಳೆದದ್ದೆಲ್ಲ ಕಳ್ಳದಾರಿಗಳೇ. ಇಪ್ಪತ್ತನೆಯ ದಿನ ಭೂತಗನ್ನಡಿಯನ್ನು ಅಡಗಿಸಿಟ್ಟಳು. ತಾಯಿ ಒಂದು ಮಾತೂ ಆಡದೆ ಅಳಿಯನಿಂದ ಇನ್ನೂ ದೊಡ್ಡದನ್ನು ತರಿಸಿಕೊಂಡಳು, ಓದು ದಿನಕ್ಕೆ ಮೂರು ಪುಟಕ್ಕೇರಿತು. ನಲವತ್ತನೆಯ ದಿನ ಆ ಹಾಳೆಗಳನ್ನು ಹರಿಯಲೆಂದು ಪುಸ್ತಕ ಕೈಗೆತ್ತಿಕೊಂಡಳು. “ಪುಟ ಹೋದ್ರೆ ನಿನ್ನ ಪ್ರತಿಯಲ್ಲಿ ಓದ್ತೀನಿ ಕಣೇ. ಅದೂ ಹೋದ್ರೆ ಬರೆದವಳನ್ನೇ ಕರೆಸಿ ಓದಿಸ್ತೀನಿ,” ಎಂದಳು ತಾಯಿ, ಗೋಡೆಯ ಕಡೆ ಮಗ್ಗುಲಾಗಿ ಮಲಗಿದಲ್ಲಿಂದಲೇ. ನಿದ್ದೆ ಬಂದಿದೆ ಎಂದುಕೊಂಡಿದ್ದಳು ಮಗಳು.

ತಾಯಿ ಆ ಪುಟಗಳನ್ನು ಮುಟ್ಟಿದ್ದು ಐವತ್ತನೆಯ ದಿನದ ಹೊತ್ತಿಗೆ. ತಂಗಿ ಕೆಲಸ ಮುಗಿಸಿ ಬಂದಾಗ ಗೋಡೆಯ ಮೇಲೆ ಅಪ್ಪನ ಫೋಟೋ ಇರಲಿಲ್ಲ. ಮೊಳೆ ಇತ್ತು; ಮೊಳೆಯ ಕೆಳಗೆ ಸುಣ್ಣ ಮಾಸದ ಒಂದು ಚೌಕ ಇತ್ತು. ಫೋಟೋ ಕಪಾಟಿನ ಹಿಂದೆ, ಮುಖ ಗೋಡೆಗೆ.

“ನೀಲಿ ದಾರ,” ಎಂದಳು ತಾಯಿ. “ನಾನು ಕೇಳಿದ್ದೆ. ಯಾರ್ರೀ ಹೊಲಿದದ್ದು ಅಂದ್ರೆ, ಕಚೇರಿಯ ಜವಾನ ಅಂದ್ರು. ಜವಾನ. ಎಷ್ಟು ಚೆಂದ ಬಾಯಿಗೆ ಬಂತು ನೋಡು.”

“ಅಮ್ಮ, ಅದು ಕತೆ. ಕಾದಂಬರಿ ಅಂದ್ರೆ ಕಟ್ಟಿ ಬರೆಯೋದು.”

ತಾಯಿ ಕಪಾಟಿನ ಕಡೆ ಕೈ ತೋರಿಸಿದಳು. ಆರು ಪುಸ್ತಕಗಳು ಅಲ್ಲಿ ಒತ್ತಾಗಿ ನಿಂತಿದ್ದವು. “ಅದರಲ್ಲೊಂದು ಸುಳ್ಳು ತೋರಿಸು. ನಿಮ್ಮ ಚಿಕ್ಕಮ್ಮನಿಗೆ ನಾನು ಅಂದದ್ದು ಸುಳ್ಳಾ? ನಿಮ್ಮಣ್ಣ ಅತ್ತದ್ದು ಸುಳ್ಳಾ? ನೀನು ಮಕ್ಕಳು ಬೇಡ ಅಂದದ್ದು ಸುಳ್ಳಾ? ಎಲ್ಲಾ ನಿಜ, ಇದೊಂದು ಮಾತ್ರ ಸುಳ್ಳು. ಅಪ್ಪನ ಮಗಳು ಅಲ್ವಾ ನೀನು, ಇನ್ನೇನು ಹೇಳ್ತೀಯ.”

“ನಾನೇ ಹೇಳಿದ್ದು ಅಮ್ಮ ಆ ಸುಳ್ಳು. ಸಿಟ್ಟಿಗೆ ಹೇಳಿದೆ.”

“ಹಾಗಾದ್ರೆ ನಾಲ್ಕು ವರ್ಷ ಎಲ್ಲಿಗೆ ಹೋಗ್ತಿದ್ರು?”

ಬಾಯಿ ತೆರೆದಿದ್ದ ಮಗಳು ಮುಚ್ಚಿಕೊಂಡಳು. ತಾಯಿ ತಲೆಯಾಡಿಸಿದಳು, ಬಂದ ಉತ್ತರ ಸಾಕೆನ್ನುವಂತೆ.

ಮೂರು ವಾರ ಆ ಮನೆಯಲ್ಲಿ ಅಪ್ಪನ ಹೆಸರೆತ್ತುವಂತಿರಲಿಲ್ಲ. ಅವನ ಹಳೆಯ ಟವೆಲನ್ನು ತಾಯಿ ನೆಲ ಒರೆಸಲು ಹಾಕಿದಳು. ಒಂದು ದಿನ ಅಣ್ಣನಿಂದ ಫೋನು ಬಂತು: “ಅಮ್ಮ ಇಲ್ಲಿ ನೀರಿನ ಕಚೇರಿಯಲ್ಲಿ ಕೂತಿದ್ದಾಳೆ. ಬಾಗಿಲ ಹತ್ರ ಬೆಂಚಿನ ಮೇಲೆ. ಹಳೇ ಲೈನಿನ ಕೊನೇ ಮನೆ ಯಾವುದು ಹೇಳಿ, ಆ ಹೆಂಗಸನ್ನ ಒಂದು ಸಲ ನೋಡಬೇಕು ಅಂತ ಗುಮಾಸ್ತನ್ನ ಪೀಡಿಸ್ತಿದ್ದಾಳೆ. ಅವನು ನಗ್ತಿದ್ದಾನೆ. ಎಲ್ಲರೂ ನಗ್ತಿದ್ದಾರೆ. ನಾನು ಕಾರಲ್ಲಿ ಕಲಿಯೋರನ್ನ ಕೂರಿಸ್ಕೊಂಡು ಬಂದಿದ್ದೀನಿ, ನೀನು ಬಾ.” ಅಪ್ಪ ಮೂವತ್ತು ವರ್ಷ ಬೆಳಿಗ್ಗೆ ಬಂದು ರುಜು ಹಾಕಿದ ಕಚೇರಿ ಅದು. ಅಲ್ಲಿ ಅವನ ಹೆಂಡತಿ, ಎಪ್ಪತ್ತೊಂಬತ್ತರ ಮುದುಕಿ, ಇಲ್ಲದ ಸವತಿಯ ವಿಳಾಸ ಕೇಳುತ್ತ ಕೂತಿದ್ದಳು.

ತಾಯಿಯನ್ನು ಮನೆಗೆ ಬಿಟ್ಟು ತಂಗಿ ನೇರ ಅಕ್ಕನ ಮನೆಗೆ ಹೋದಳು. ಮೂರನೆಯ ಮಹಡಿ, ಎರಡು ಕೋಣೆ. ಬರೆಯುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿದ ಮೇಜು. ಅದರ ಮೇಲೆ ಉದ್ದಗೆರೆಯ ನೋಟುಪುಸ್ತಕಗಳ ಕಟ್ಟು, ಎಲ್ಲದರಲ್ಲೂ ಕೊಕ್ಕೆ ಕೊಂಕುಗಳ ಲಿಪಿ, ಕೋಳಿ ಕೆದರಿದಂತೆ. ಇನ್ನೊಬ್ಬರು ಕೂರಲು ಕುರ್ಚಿ ಇರಲಿಲ್ಲ. ತಂಗಿ ನಿಂತೇ ಮಾತಾಡಿದಳು.

“ಅಮ್ಮನ ಹತ್ರ ಬಂದು, ಅದು ಸುಳ್ಳು ಅಂತ ಹೇಳು. ನಿನ್ನ ಬಾಯಿಂದ ಬಂದ್ರೆ ಮಾತ್ರ ನಂಬ್ತಾಳೆ.”

“ಸುಳ್ಳು ಅಂತ ನನಗೆ ಗೊತ್ತು,” ಎಂದಳು ಅಕ್ಕ.

“ಈಗ ಗೊತ್ತಾಯ್ತಾ?”

“ನೀನು ಹೇಳಿದ ದಿನವೇ. ಸುಳ್ಳು ಹೇಳೋವಾಗ ನೀನು ಸಣ್ಣ ವಾಕ್ಯ ಹೇಳ್ತೀಯ.”

“ಗೊತ್ತಿದ್ದೂ ಅಚ್ಚು ಹಾಕಿಸಿದೆ.”

“ಹದಿನಾರು ವರ್ಷ ಕೋರ್ಟಲ್ಲಿ ಕೂತಿದ್ದೆ ನಾನು. ಹತ್ತು ಸಾಕ್ಷಿ ಬಂದ್ರೆ ಏಳು ಜನ ಸುಳ್ಳು ಹೇಳೋರು, ಅದೂ ದೇವರಾಣೆ ಮಾಡಿ. ನಿಜ ಯಾವುದು ಅಂತ ನೋಡೋದು ಪೀಠದ ಮೇಲೆ ಕೂತವರ ಕೆಲಸ. ಹೇಳಿದ್ದನ್ನ ಹೇಳಿದ ಹಾಗೆ ಬರ್ಕೊಳ್ಳೋದು ನನ್ನ ಕೆಲಸ. ನಿನ್ನ ಹೇಳಿಕೆ ನಾನು ತಿದ್ದಿಲ್ಲ.”

“ಹನ್ನೊಂದು ಪುಟ ಮಾಡಿದ್ದೀಯ.”

“ನೀನು ಕೊಟ್ಟದ್ದು ನಾಲ್ಕು ವಾಕ್ಯ. ಉಳಿದದ್ದು ಕಾದಂಬರಿ ಬರೆಯೋಳ ಕಸುಬು.”

“ಸತ್ಯನಿಷ್ಠೆ ಅಂತ ಊರೆಲ್ಲ ಹೊಗಳಿಸ್ಕೊಳ್ತೀಯಲ್ಲ, ನಾಚಿಕೆ ಆಗಲ್ವಾ?”

“ನಾನು ಹೊಗಳಿ ಅಂತ ಕೇಳಿದೆನಾ? ನಿಜ ಬರೀತೀನಿ ಅಂತ ಯಾವತ್ತು ಹೇಳಿದ್ದೀನಿ? ಆಡಿದ್ದನ್ನ ಬರೀತೀನಿ ಅಂದಿದ್ದೀನಿ. ನೀವು ಆಡಿದ್ದೆಲ್ಲ ನಿಜ ಅಂತ ಅಂದ್ಕೊಂಡೋರು ನೀವು. ಚಿಕ್ಕಮ್ಮನ ಬಗ್ಗೆ ಅಮ್ಮ ಹೇಳಿದ್ದರಲ್ಲಿ ಅರ್ಧ ಬುರುಡೆ. ನೀನೂ ಆವತ್ತು ಮಕ್ಕಳು ಬೇಡ ಅಂದದ್ದು ನಿಜವಾಗಿ ಬೇಡ ಅಂತಾನಾ, ನನ್ನ ಬಾಯಿ ಮುಚ್ಚಿಸೋಕಾ?”

ತಂಗಿಗೆ ಮುಖಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ತನ್ನ ಮಾತು ಕದ್ದವಳೆಂದು ಅಕ್ಕನನ್ನು ದ್ವೇಷಿಸಿದ್ದಳು. ಅಕ್ಕ ಕದ್ದಿರಲಿಲ್ಲ, ಬಿದ್ದದ್ದನ್ನು, ಸುಳ್ಳೆಂದು ತಿಳಿದೂ, ಗುಡಿಸಿ ಇಟ್ಟುಕೊಂಡಿದ್ದಳು. ಇದಕ್ಕಿಂತ ಕಳ್ಳತನವೇ ಮೇಲು ಅನ್ನಿಸಿತು ಅವಳಿಗೆ.

“ಬರ್ತೀಯೋ ಇಲ್ವೋ?”

“ಸಾಕ್ಷಿ ಮಾತು ಬದಲಿಸೋದಾದ್ರೆ ಹೊಸ ಹೇಳಿಕೆ ಕೊಡಬೇಕು. ಬರೀ ಸುಳ್ಳು ಅಂದ್ರೆ ಅಮ್ಮ ಕೇಳ್ತಾಳೆ, ನಿಜ ಏನು ಅಂತ. ನನಗೂ ಬೇಕು ಅದು.” ಅಕ್ಕ ಮೇಜಿನಿಂದ ಹೊಸ ನೋಟುಪುಸ್ತಕವನ್ನು ಎಳೆದುಕೊಂಡಳು. “ಇಲ್ಲೇ ಕೊಡ್ತೀಯಾ?”

“ಅಮ್ಮನ ಎದುರಿಗೆ ಕೊಡ್ತೀನಿ. ಎದ್ದೇಳು.”

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ತಂಗಿ ಲೆಕ್ಕ ಹಾಕುತ್ತಿದ್ದಳು: ಇನ್ನು ಅರ್ಧ ಗಂಟೆಗೆ ಆ ಸಂಜೆಗಳು ತನ್ನವಾಗಿರುವುದಿಲ್ಲ. ವರ್ಷ ಎರಡು ವರ್ಷದಲ್ಲಿ ಬೀದಿಯ ಹೆಂಗಸರು ಕಿಟಕಿಯ ಬಳಿ ನಿಂತು, “ನೀವೇ ಅಲ್ವಾ ಆ ಮೀಟರಿನ ಹುಡುಗಿ,” ಎನ್ನುತ್ತಾರೆ. ಆದರೂ ನೀರಿನ ಕಚೇರಿಯ ಬೆಂಚು ಕಣ್ಣ ಮುಂದಿನಿಂದ ಕದಲಲಿಲ್ಲ.

ತಾಯಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಹಿರಿಮಗಳನ್ನು ಕಂಡು, “ಬಂದೆಯಾ. ಆ ಮನೆ ಎಲ್ಲಿದೆ ಹೇಳು,” ಎಂದಳು.

“ಮನೆ ಇಲ್ಲ ಅಮ್ಮ. ಹೊಲಿಗೆಯವಳು ಸುಳ್ಳು,” ಎಂದಳು ಅಕ್ಕ. ಗೋಡೆಗೊರಗಿ ಕೂತು ನೋಟುಪುಸ್ತಕ ತೆರೆದುಕೊಂಡಳು. “ಇವಳು ಹೇಳಿದ್ದು, ನಾನು ಬರೆದದ್ದು. ನಿಜ ಇವಳೇ ಹೇಳ್ತಾಳಂತೆ.”

ತಂಗಿ ಹೇಳಿದಳು. ಕಣ್ಣು, ಸಂತೆಬೀದಿಯ ಮೂಲೆ, ಮೀಟರಿನ ಗುಂಡಿ, ಅಂಕಿ, ಇಪ್ಪತ್ತು ನಿಮಿಷದ ಅಂತರ, ನೀಲಿ ದಾರ. ಹೇಳುತ್ತ ಹೋದಂತೆ ತಾಯಿಯ ಮುಖ ಸಡಿಲವಾಗುತ್ತದೆಂದು ಕಾದಳು. ಅದು ಬಿಗಿಯುತ್ತಲೇ ಹೋಯಿತು.

“ನೇರ ನೋಡಿದ್ದು ಕಾಣ್ತಿರಲಿಲ್ಲ ಅಂದೆಯಲ್ಲ,” ಎಂದಳು ತಾಯಿ. “ನನ್ನ ಮುಖ?”

“ನೇರ ನೋಡಿದ್ರೆ ಕಾಣ್ತಿರಲಿಲ್ಲ.”

“ನಾಲ್ಕು ವರ್ಷ?”

“ನಾಲ್ಕು ವರ್ಷ.”

“ನನ್ನ ಜೊತೆ ಮಾತಾಡೋವಾಗ ಕಿಟಕಿ ಕಡೆ ತಿರುಗ್ತಿದ್ರು. ನಾನು ಸಪ್ಪೆಯಾದೆ, ನೋಡೋಕೆ ಬೇಡವಾದೆ ಅಂದ್ಕೊಂಡಿದ್ದೆ.”

“ತಿರುಗಿದ್ರೆ ಅಂಚಿನಲ್ಲಿ ಸ್ವಲ್ಪ ಕಾಣ್ತಿತ್ತು ಅಮ್ಮ. ನಿನ್ನ ನೋಡೋಕೇ ತಿರುಗ್ತಿದ್ರು.”

“ಅದನ್ನ ನಿನಗೆ ಹೇಳಿದ್ರು. ನನಗೆ ಯಾಕೆ ಹೇಳಲಿಲ್ಲ?”

ತಂಗಿ ಅಕ್ಕನ ಪೆನ್ನಿನ ಕಡೆ ನೋಡಿದಳು.

“ಕೇಳ್ತಿದ್ದೀನಿ. ಯಾಕೆ ಹೇಳಲಿಲ್ಲ?”

“ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಅಂತ. ನಿನಗೆ ಹೇಳೋದೂ ಒಂದೇ, ಊರಿಗೆ ಡಂಗುರ ಹೊಡೆಸೋದೂ ಒಂದೇ ಅಂದ್ರು.”

ಗೋಡೆಯ ಬಳಿ ಪೆನ್ನು ಓಡುತ್ತಿತ್ತು. ತಾಯಿ ಅತ್ತ ಕತ್ತು ತಿರುಗಿಸದೆ, “ನೀನು ಹೊರಗೆ ಹೋಗು,” ಎಂದಳು.

“ನಾನಾ?” ಎಂದಳು ಅಕ್ಕ.

“ನೀನೇ. ಪುಸ್ತಕ ಇಲ್ಲೇ ಇಟ್ಟು ಹೋಗು.”

“ಅಮ್ಮ, ಇದು ನನ್ನ—”

“ಇಟ್ಟು ಹೋಗು ಅಂದೆ. ನನ್ನ ಬಾಯಿ, ನನ್ನ ಅಳು, ಎಲ್ಲಾ ಬರ್ಕೊಂಡೆ, ಸುಮ್ಮನಿದ್ದೆ. ಇದನ್ನ ಮೊದಲು ನಾನು ಕೇಳಬೇಕು. ನನಗೇ ಇನ್ನೂ ಸಿಕ್ಕಿಲ್ಲ ಇದು.”

ಐವತ್ತೆರಡು ವರ್ಷದ, ಏಳು ಕಾದಂಬರಿಗಳ ಅಕ್ಕ ಎದ್ದು ನಿಂತಳು. ತಂಗಿಯ ಕಡೆ ಒಮ್ಮೆ ನೋಡಿದಳು; ಆ ನೋಟದಲ್ಲಿದ್ದ ಹಸಿವನ್ನು ಕಂಡು ತಂಗಿಗೆ ಸುಖವಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಅಕ್ಕ ಪುಸ್ತಕವನ್ನು ಮಂಚದ ಮೇಲಿಟ್ಟು ಹೊರಗೆ ಹೋದಳು. ಬಾಗಿಲು ಮುಚ್ಚಿತು.

ಆ ಸುಖ ನಿಮಿಷವೂ ಉಳಿಯಲಿಲ್ಲ.

“ಪರ ಹೆಂಗಸಾಗಿದ್ದರೆ ಹಿಡಿಶಾಪ ಹಾಕಿ ಮಲಗ್ತಿದ್ದೆ,” ಎಂದಳು ತಾಯಿ. ದನಿ ಏರಲಿಲ್ಲ. “ನೀನು ನಾನು ಬಡಿಸಿದ್ದನ್ನ ಉಂಡ್ಕೊಂಡು, ನನ್ನ ಪಕ್ಕದಲ್ಲೇ ಮಲಗ್ತಿದ್ದೆ. ದಿನಾ ಸಂಜೆ ಬಾಗಿಲು ತೆಗೆದು, ನಿಮ್ಮಪ್ಪ ಇನ್ನೂ ಬರಲಿಲ್ಲ ನೋಡೇ ಅಂತ ನಿನ್ನನ್ನೇ ಕೇಳ್ತಿದ್ದೆ. ಏನು ಹೇಳ್ತಿದ್ದೆ ನೀನು?”

“ಬರ್ತಾರೆ ಬಿಡು ಅಂತಿದ್ದೆ.”

“ಬರ್ತಾರೆ ಬಿಡು.” ತಾಯಿ ಆ ಮಾತನ್ನು ನಿಧಾನವಾಗಿ ತಿರುಗಿ ಹೇಳಿಕೊಂಡಳು. “ಸತ್ತ ಮೇಲಾದ್ರೂ ಹೇಳಬಹುದಿತ್ತು. ಒಂಬತ್ತು ವರ್ಷ ಆಯ್ತು. ಅವರು ಮಾತು ತಗೊಂಡದ್ದು ಕೆಲಸ ಹೋಗುತ್ತೆ ಅಂತ. ಸತ್ತವರಿಗೆ ಯಾವ ಕೆಲಸ ಹೋಗ್ತಿತ್ತು?”

ಇದಕ್ಕೆ ತಂಗಿಯ ಬಳಿ ಇದ್ದ ಉತ್ತರ ಒಂದೇ, ನನಗೊಬ್ಬಳಿಗೇ ಇರಲಿ ಎಂದು ಇಟ್ಟುಕೊಂಡೆ ಎಂಬುದು. ಅದನ್ನು ಈ ಮುಖದೆದುರು ಹೇಳಲಾಗಲಿಲ್ಲ; ಹೇಳದಿದ್ದರೂ ಅದು ಅಲ್ಲಿಗೆ ತಲುಪಿತ್ತು.

“ಎಷ್ಟು ಮನೆ?” ಎಂದಳು ತಾಯಿ.

“ಇನ್ನೂರ ಹನ್ನೆರಡು.”

“ಮೊದಲನೇದು ಯಾವುದು?”

“ಸಂತೆಬೀದಿ ಮೂಲೆ, ಗಡಿಯಾರ ರಿಪೇರಿಯವರ ಮನೆ.”

“ಮೀಟರು ಎಲ್ಲಿತ್ತು?”

“ಹಿತ್ತಲಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ.”

“ಅವರು ಎಲ್ಲಿ ನಿಲ್ತಿದ್ರು?”

“ಬಾಗಿಲ ಹತ್ರ. ಚೌಕಟ್ಟು ಹಿಡ್ಕೊಂಡು.”

“ಯಾವ ಕೈಲಿ?”

ತಂಗಿಗೆ ತಟ್ಟನೆ ನೆನಪಾಗಲಿಲ್ಲ. ತಾಯಿ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಎಡಗೈಲಿ,” ಎಂದಳು ತಂಗಿ.

“ಸರಿ. ಎರಡನೇ ಮನೆ ಹೇಳು.”